ಲಾಂಚಿನಿಂದ ಇಳಿಯದ ಗಿರಣಿ ಕಾಕಾ

ಕಾಕಾ ಮನೆಯೊಳಗೆ ನಿಂತು "ನನ್ನ ಟಾವೆಲ್ ಎಲ್ಲಿ ಐತಿ?" ಎಂದು ಕೇಳಿದರೆ ಕಲಘಟಗಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಯಾರೋ ಜಗಳ ತೆಗೆದಿದ್ದಾರೆ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆ. ಹಿಟ್ಟಿನ ಗಿರಣಿಯ ಇಂಜಿನ್ನಿನ ಪಕ್ಕದಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯನಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮಗಳು, ಮೊಮ್ಮಗಳು ಇದ್ದಾರೆ. ಅವರ ಒಪ್ಪಿಗೆಯನ್ನು ನಾನು ಕೇಳಿಲ್ಲ. ಊರವರೆಲ್ಲ ಗಿರಣಿ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಹೋದ ವರ್ಷ ಯಾವುದೋ ಲಗ್ನಕ್ಕೆಂದು ಆ ಕಡೆ ಹೋಗಿದ್ದೆ. ಗಿರಣಿ ಇದ್ದ ಜಾಗದಲ್ಲಿ ಎರಡಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲಿನ ಅಂಗಡಿ. ಅಲ್ಲಿ ಕೂತ ಹುಡುಗನಿಗೆ, "ಇಲ್ಲಿ ಮೊದಲು ಗಿರಣಿ ಇತ್ತಪಾ" ಅಂದೆ. "ಇರಬೇಕ್ರಿ" ಅಂದ. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ನಾನು ಕಲಘಟಗಿಗೆ ಹೋದದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ದನದ ದವಾಖಾನೆಯ ಕಂಪೌಂಡರ್ ಆಗಿ. ಮದುವೆಯಾಗಿರಲಿಲ್ಲ. ಗಿರಣಿಯ ಹಿಂದೆ ಒಂದು ಖೋಲಿ ಖಾಲಿಯಿತ್ತು. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಜಿನ್ ಸಪ್ಪಳಕ್ಕ ನಿದ್ದಿ ಬರತೈತೇನು ನಿಮಗ?" ಎಂದು ಕೇಳಿದರು. ಬರುತ್ತದೆ ಅಂದೆ. "ಹಂಗಾದ್ರ ಬರ್ರಿ. ಸಪ್ಪಳ ನಿಂತ ದಿನಾನ ನಿಮಗ ನಿದ್ದಿ ಬರೂದಿಲ್ಲ, ನೋಡ್ಕೋತ ಇರ್ರಿ" ಅಂದರು.

ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲದರ ಮೇಲೂ ಹಿಟ್ಟು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಅದರ ಮೇಲೆ ಮಾತ್ರ ಹಿಟ್ಟು ಕೂರದ ಹಾಗೆ ಅಂಗಿಯ ಗುಂಡಿಯನ್ನು ಕೊರಳತನಕ ಹಾಕಿಕೊಳ್ಳುತ್ತಿದ್ದರು. ಮೊದಲು ಬಂದವರ ಡಬ್ಬಿ ಮೊದಲು, ಇದು ಅವರ ಗಿರಣಿಯ ರೀತಿ. ಆ ಕಾಲಕ್ಕೆ ಇದು ಸಣ್ಣ ಮಾತಾಗಿರಲಿಲ್ಲ. ಬೇರೆ ಗಿರಣಿಗಳಲ್ಲಿ ಊರ ಹೊರಗಿನ ಕೇರಿಯವರು ತಂದ ಜೋಳವನ್ನು ಸಂಜೆ ಎಲ್ಲರದೂ ಮುಗಿದ ಮೇಲೆ ಸುರಿಯುತ್ತಿದ್ದರು. ಒಮ್ಮೆ ಊರಿನ ದೊಡ್ಡ ಗೌಡರ ಆಳು ಬಂದು ಚೀಲವನ್ನು ಎಲ್ಲರ ಮುಂದೆ ಇಟ್ಟ. ಕಾಕಾ ಅದನ್ನು ಎರಡೂ ಕೈಯಿಂದ ಎತ್ತಿ ಸಾಲಿನ ಕೊನೆಗೆ ಒಯ್ದು ಇಟ್ಟರು.

"ಗೌಡರಿಗೆ ಹೇಳಪಾ, ಇವತ್ತು ರೊಟ್ಟಿ ಒಂದೀಟು ತಡಾ ಆಗತಾವು. ಈ ಮುದುಕಿ ಮುಂಜಾನಿಂದ ನಿಂತಾಳ."

ಆ ಮುದುಕಿ ಕೇರಿಯವಳು. ಆಳು ಗೋಡೆಗೆ ಒರಗಿ ನಿಂತ.

ಇನ್ನೊಂದು ಸಂಗತಿಯನ್ನು ನಾನು ಅಲ್ಲೇ ಮೊದಲು ನೋಡಿದೆ. ಇಂಜಿನ್ ಜೋರಾಗಿ ಓಡುವಾಗ ಕಾಕಾ ಕೂಗುತ್ತಿರಲಿಲ್ಲ. ತುಟಿಯನ್ನು ಮಾತ್ರ ದೊಡ್ಡದಾಗಿ ಆಡಿಸುತ್ತಿದ್ದರು, ದನಿಯೇ ಇಲ್ಲ. ದಿನಾ ಬರುವ ಹೆಂಗಸರು ಅದನ್ನು ಓದಿಕೊಂಡು ಹಾಗೇ ಉತ್ತರ ಕೊಡುತ್ತಿದ್ದರು. "ಸಣ್ಣಗ ಬೀಸಲ್ಯೋ, ತರಿ ತರಿ ಬಿಡಲ್ಯೋ?", "ಮಗಳು ಹಡದ್ಲಾ?", "ಗಂಡೋ ಹೆಣ್ಣೋ?" ಎಲ್ಲ ವಿಚಾರಣೆ ತುಟಿಯಲ್ಲೇ. ಕೆಲವು ತಿಂಗಳಲ್ಲಿ ನನಗೂ ಒಂದಿಷ್ಟು ತಿಳಿಯತೊಡಗಿತು.

ಮನೆಯಲ್ಲಿ ಕಾಕಾ ಮತ್ತು ಅವರ ತಾಯಿ ಇಬ್ಬರೇ. ತಾಯಿಯನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು. ಕಣ್ಣು ಹೆಚ್ಚುಕಡಿಮೆ ಹೋಗಿದ್ದವು, ಆದರೆ ಬೆನ್ನು ಬಾಗಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಹೆಜ್ಜೆಯ ಸಪ್ಪಳದ ಮೇಲೆ ಬಂದವರನ್ನು ಗುರುತಿಸುತ್ತಿದ್ದರು. ಊರಿಗೆಲ್ಲ ಗದರುವ ಕಾಕಾ ಅವರ ಮುಂದೆ ಹೋದಾಗ ಟಾವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಾಕಾನ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳು ಮಗಳಿದ್ದಾಳೆ, ಆ ಮನೆಯಲ್ಲಿ ಅವಳ ಹೆಸರು ಎತ್ತಬಾರದು ಎಂದು ಎದುರಿನ ಟೇಲರ್ ನನಗೆ ಮೊದಲೇ ಹೇಳಿ ಇಟ್ಟಿದ್ದ.

ಒಂದು ಬೇಸಿಗೆಯಲ್ಲಿ ಕಾಕಾ ನನ್ನ ಖೋಲಿಯ ಬಾಗಿಲಿಗೆ ಬಂದು ನಿಂತರು.

"ಕಂಪೌಂಡರ್ರ, ಸಮುದ್ರ ನೋಡೀರೇನು?"

"ಇಲ್ರಿ ಕಾಕಾ."

"ಹಂಗಾದ್ರ ಹೋಗೂಣು ನಡೀರಿ. ಪಣಜಿಗೆ ಹೋಗಿ ಮೋಟಾರ್ ಲಾಂಚಿನ್ಯಾಗ ಕುಂತು ಮಾರ್ಮಗೋವಾ ಬಂದರಕ್ಕ ಹೋಗಿ ಬರೂದು. ಅಗದಿ ಮಜಾ ಇರತೈತಿ. ಟೇಲರೂ ಬರ್ತಾನ."

ಹೋದೆವು. ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಘಟ್ಟ ಇಳಿದು ಪಣಜಿ ಸೇರುವ ಹೊತ್ತಿಗೆ ಮೈಯೆಲ್ಲ ಬೆವರು. ಕಾಕಾ ಕೈಚೀಲದ ಜೊತೆ ಒಂದು ಬಿಳಿ ಅರಿವೆಯ ಗಂಟನ್ನೂ ತಂದಿದ್ದರು. ಅದನ್ನು ಬಸ್ಸಿನ ಮೇಲೆ ಹಾಕಲಿಲ್ಲ, ಕಾಲ ಬಳಿ ಇಡಲಿಲ್ಲ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹೊಸದಾಗಿ ಬೀಸಿದ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಲಾಂಚು ಏರಿದೆವು. ಉದ್ದನೆಯ ಮರದ ದೋಣಿ, ಮೇಲೆ ತಗಡಿನ ಮಾಡು, ಎರಡೂ ಬದಿಗೆ ಬೆಂಚು, ನಡುವೆ ಡೀಸೆಲ್ ಇಂಜಿನ್. ಅದು ಚಾಲೂ ಆದ ಕೂಡಲೇ ಕಾಕಾನ ಮುಖ ಅರಳಿತು. "ಕೇಳ್ರಿ, ನಮ್ಮ ಗಿರಣಿ ಇಂಜಿನ್ನಿನ ಅಣ್ಣ ಇದು" ಎಂದರು. ಚಾಲಕ ಕೊಂಕಣಿಯವನು, ನಾಲ್ಕು ಮಾತು ಕನ್ನಡ ಬಲ್ಲವನು. ಅವನ ಹತ್ತಿರ ಕೂತು ಇಂಜಿನ್ನಿನ ತಬ್ಯತ್ತು ವಿಚಾರಿಸಿದರು. ಹೊಳೆ ಮುಗಿದು ಕಡಲು ತೆರೆದುಕೊಂಡಾಗ ಲಾಂಚು ಮುಗ್ಗರಿಸಿದ ಹಾಗೆ ಎದ್ದು ಬಿದ್ದು ಹೊರಟಿತು. ಟೇಲರ್ ಬಗ್ಗಿ ಅಂಚನ್ನು ಅಪ್ಪಿಕೊಂಡವನು ಬಂದರು ಬರುವತನಕ ತಲೆ ಎತ್ತಲಿಲ್ಲ. ಎರೆಹೊಲದ ನಾಡಿನಲ್ಲಿ ಹುಟ್ಟಿದ ನನಗೆ ಅಷ್ಟು ನೀರನ್ನು ಎಲ್ಲಿಂದ ನೋಡಲು ಶುರು ಮಾಡಬೇಕೆಂದೇ ತಿಳಿಯಲಿಲ್ಲ.

ಬಂದರು ಹತ್ತಿರವಾಯಿತು. ಅದಿರು ತುಂಬಿಕೊಳ್ಳಲು ನಿಂತ ಹಡಗುಗಳು, ಕೆಂಪು ದೂಳು, ಕ್ರೇನುಗಳು. ಲಾಂಚು ಧಕ್ಕೆಯ, ದೋಣಿ ಕಟ್ಟುವ ಆ ಕಲ್ಲಿನ ಕಟ್ಟೆಯ, ಮೆಟ್ಟಿಲಿಗೆ ತಾಗಿ ನಿಂತ ಕೂಡಲೇ ಟೇಲರ್ ನೆಲದ ಮೇಲೆ ಹಾರಿಕೊಂಡ. ನಾನೂ ಎದ್ದೆ. ಕಾಕಾ ಏಳಲಿಲ್ಲ.

"ನೀವು ಹೋಗಿ ಬರ್ರಿ. ನಾ ಇಲ್ಲೇ ಕುಂದರ್ತೇನಿ."

ಅವರ ದನಿ ಕೇಳಿ ನಾನು ಹೋಗಲಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಧಕ್ಕೆಯ ಮೇಲೆ, ಇಳಿಯುವವರ ಗದ್ದಲದ ಆಚೆ, ಹಸಿರು ಸೀರೆಯ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಬಿಳಿ ಅಂಗಿಯ ತರುಣನೊಬ್ಬ ಬಿಸಿಲಲ್ಲಿ ನಿಂತಿದ್ದ. ಹೆಂಗಸಿನ ತುಟಿಗಳು ಆಡುತ್ತಿದ್ದವು. ಕಾಕಾನ ಕಡೆ ತಿರುಗಿದೆ. ಅವರ ತುಟಿಗಳೂ ಆಡುತ್ತಿದ್ದವು. ಗಿರಣಿಯಲ್ಲಿ ಬೆಳೆದ ಮಗಳು, ಗಿರಣಿಯ ಅಪ್ಪ. ನನಗೆ ತಿಳಿದದ್ದು ಇಷ್ಟೇ: "ಯಾಕ ಸೊರಗೀದಿ?", "ಇಲ್ಲಪ್ಪಾ.", "ಹಲ್ಲು ಬಂದಾವೇನು ಕೂಸಿಗೆ?" ಅವಳು ಕೂಸಿನ ತುಟಿಯನ್ನು ಬೆರಳಿನಿಂದ ಸರಿಸಿ ತೋರಿಸಿದಳು. ಕಾಕಾ ಬೆಂಚಿನ ಮೇಲೆ ಕೂತಲ್ಲೇ ಕೊರಳು ಉದ್ದ ಮಾಡಿ ನೋಡಿದರು. ಲಾಂಚಿನ ಆಳು ಹಿಟ್ಟಿನ ಗಂಟನ್ನು ಅವಳಿಗೆ ಮುಟ್ಟಿಸಿದ. ಹೊಸ ಮಂದಿ ಹತ್ತಿದರು, ಅವರ ಹಿಂದೆ ಟೇಲರೂ ಒಲ್ಲದ ಮನಸ್ಸಿನಿಂದ ಹತ್ತಿದ, ಹಗ್ಗ ಬಿಚ್ಚಿದರು. ಲಾಂಚು ದೂರ ಸರಿದಂತೆ ಅವಳ ತುಟಿ ಕಾಣದಾಯಿತು, ಆಮೇಲೆ ಮುಖ, ಆಮೇಲೆ ಹಸಿರು ಸೀರೆ ಮಾತ್ರ ಉಳಿಯಿತು.

ಪಣಜಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಕಾಕಾ ತಾವಾಗಿಯೇ ಹೇಳಿದರು. ಟೇಲರ್ ಹೊಟ್ಟೆ ಹಿಡಿದುಕೊಂಡು ಲಾಡ್ಜಿನಲ್ಲಿ ಮಲಗಿದ್ದ.

"ಹುಡುಗ ನಮ್ಮೂರ ಹೊರಗಿನ ಕೇರಿಯಾಂವ. ಸಣ್ಣಂವಿದ್ದಾಗಿಂದ ಜ್ವಾಳದ ಡಬ್ಬಿ ಹೊತ್ಕೊಂಡು ನಮ್ಮ ಗಿರಣಿ ಸಾಲಿನ್ಯಾಗ ನಿಂತಾಂವ. ಶಾಣ್ಯಾ ಇದ್ದ. ಕಲಿತ, ಬಂದರದ ಆಫೀಸಿನ್ಯಾಗ ನೌಕರಿ ಹಿಡದ. ಇಬ್ಬರೂ ಹುಬ್ಬಳ್ಳ್ಯಾಗ ರಜಿಸ್ಟರ್ ಲಗ್ನ ಮಾಡ್ಕೊಂಡು ಬಂದು ನನ್ನ ಮುಂದ ನಿಂತ್ರು. ನಾ ಏನೂ ಅನ್ನಲಿಲ್ಲ. ಏನ್ ಅನ್ನಬೇಕಿತ್ತು? ಎಲ್ಲಾರ ಡಬ್ಬೀನೂ ಒಂದ ಕಲ್ಲಿನ್ಯಾಗ ಸುರಿದಾಂವ ನಾನು. ಆದ್ರ ಅವ್ವ ಊಟ ಬಿಟ್ಟಳು."

ಆಯಿ ನೀರನ್ನೂ ಮುಟ್ಟದೆ ಮಲಗಿಬಿಟ್ಟರಂತೆ. ತಾಯಿಯಿಲ್ಲದ ಆ ಹುಡುಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸಾಕಿದವರು ಅವರೇ. ಮುದುಕಿ ಇನ್ನು ಉಳಿಯುವುದಿಲ್ಲ ಎಂದು ಮಂದಿ ಸೇರಿದಾಗ, ಕಾಕಾ ಎಲ್ಲರೆದುರಿಗೆ ಲಿಂಗ ಮುಟ್ಟಿ ಆಣೆ ಮಾಡಿದರು. ಮಗಳು ನಿಂತ ನೆಲದ ಮೇಲೆ ತಾನು ಕಾಲಿಡುವುದಿಲ್ಲ, ಮಗಳು ತನ್ನ ಹೊಸ್ತಿಲು ದಾಟುವುದಿಲ್ಲ ಎಂದು. ಆಗ ಆಯಿ ಗಂಜಿ ಕುಡಿದರು.

"ಎರಡು ವರ್ಷ ಮಾರೀನ ನೋಡಲಿಲ್ಲ. ಆಮ್ಯಾಲ ಹುಬ್ಬಳ್ಳಿ ಗಿರಣಿ ಬೆಲ್ಟಿನ ಅಂಗಡಿಯಂವ ಹೇಳಿದ, ಆ ಊರಿಗೆ ನೀರ ಮ್ಯಾಲ ಲಾಂಚ್ ಹೋಗತಾವು ಅಂತ. ಬರೂ ದಿನಾ ತಿಳಿಸಿ ಆಕಿಗೆ ಅಂವನ ಕಡಿಂದನ ಕಾಗದಾ ಬರಸಿದೆ. ನೆಲದ ಮ್ಯಾಲ ಆಣಿ ಮಾಡೇನಿ ಖರೆ. ನೀರಿನ ಮ್ಯಾಲ ಮಾಡಿಲ್ಲಲ್ಲ?"

ಹೀಗೆ ಹೇಳಿ ನನ್ನ ಮುಖ ನೋಡಿದರು. ಸರಕಾರಿ ನೌಕರ ಹೌದೆಂದು ಸಹಿ ಹಾಕಲಿ ಎಂಬಂತಿತ್ತು ಆ ನೋಟ. "ಹೌದ್ರಿ ಕಾಕಾ" ಅಂದೆ. ಅವರು ಅನ್ನಕ್ಕೆ ಕೈ ಹಾಕಿದರು.

ಟೇಲರ್ ಆಮೇಲೆ ಯಾವತ್ತೂ ಸಮುದ್ರದ ಸುದ್ದಿ ಎತ್ತಲಿಲ್ಲ. ನಾನು ಮಾತ್ರ ಪ್ರತಿ ಬೇಸಿಗೆ ಹೋದೆ. ಒಬ್ಬರೇ ಹೋದರೆ ತಾಯಿಗೆ ಸಂಶಯ ಬರುತ್ತದೆ ಎಂದು ಕಾಕಾ ನನ್ನನ್ನು ಕರೆಯುತ್ತಿದ್ದರು. ಆಮೇಲೆ ಕರೆಯದಿದ್ದರೂ ನಾನು ರಜೆ ಹಾಕಿ ಕಾಯುತ್ತಿದ್ದೆ. ಮಳೆ ಹತ್ತಿದರೆ ಲಾಂಚು ನಿಂತುಬಿಡುತ್ತಿತ್ತು. ಹೊರಡುವ ದಿನ ಕಾಕಾ ತಾಯಿಯ ಮುಂದೆ ನಿಂತು, "ಅವ್ವಾ, ಸಮುದ್ರದ ಹವಾ ತಗೊಂಡು ಬರ್ತೇನಿ" ಅನ್ನುತ್ತಿದ್ದರು. ಆಯಿ ಕುರುಡುಗಣ್ಣನ್ನು ಅವರತ್ತ ತಿರುಗಿಸಿ, "ಹೋಗಿ ಬಾ" ಎಂದಷ್ಟೇ ಹೇಳುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ಲಾಂಚು ಧಕ್ಕೆಗೆ ತಾಗಿದಾಗ ಹಸಿರು ಸೀರೆ ಕಾಣಲಿಲ್ಲ. ಕಾಕಾ ಕೂತಲ್ಲೇ ಚಡಪಡಿಸತೊಡಗಿದರು. ಆಗ ಹತ್ತುವ ಮಂದಿಯ ನಡುವಿನಿಂದ ಮಗಳು ಕೂಸಿನ ಕೈ ಹಿಡಿದುಕೊಂಡು, ಟಿಕೀಟು ತೋರಿಸಿ, ನೆಟ್ಟಗೆ ಲಾಂಚಿನೊಳಗೆ ಬಂದಳು. ಕಾಕಾ ಗಾಬರಿಯಾಗಿ ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಕೊಂಡರು.

"ಅಪ್ಪಾ, ಕಾಲು ಇಳಿಬಿಡು. ಇದು ನೆಲ ಅಲ್ಲ" ಅಂದಳು ಮಗಳು.

ಕಾಕಾ ನನ್ನ ಕಡೆ ನೋಡಿದರು. "ಕಂಪೌಂಡರ್ರ, ಹಲಗಿ ನೆಲ ಆಗತೈತೇನ್ರಿ?"

"ಆಗೂದಿಲ್ರಿ ಕಾಕಾ. ಕೆಳಗ ನೀರ ಐತಲ್ಲ."

ಅವರು ಒಂದು ಕಾಲು ಇಳಿಸಿದರು. ಆಮೇಲೆ ಇನ್ನೊಂದು. ಮಗಳು ಪಕ್ಕದಲ್ಲಿ ಕೂತಳು. ಇಂಜಿನ್ ಶುರುವಾಯಿತು. ಅದರ ಸಪ್ಪಳದಲ್ಲಿ ಇಬ್ಬರೂ ತುಟಿ ಆಡಿಸುತ್ತ ಕೂತರು. ಪಕ್ಕದಲ್ಲಿ ಕೂತವರಿಗೂ ಒಂದಕ್ಷರ ಕೇಳುವಂತಿರಲಿಲ್ಲ. ನಾನು ಎದ್ದು ಮುಂದೆ ಹೋಗಿ ಕಡಲನ್ನು ನೋಡುತ್ತ ನಿಂತೆ. ಅವರ ತುಟಿ ಓದಬಾರದು ಅನ್ನಿಸಿತ್ತು. ಒಮ್ಮೆ ತಿರುಗಿದಾಗ, ಮಗಳು ಡಬ್ಬಿ ಬಿಚ್ಚಿ ಬದನೆಕಾಯಿ ಪಲ್ಯ ಸುತ್ತಿದ ರೊಟ್ಟಿ ಕೊಡುತ್ತಿದ್ದಳು. ಹೋದ ವರ್ಷದ ಹಿಟ್ಟು ಮುಗಿದು ಬಹಳ ದಿನವಾಗಿತ್ತಂತೆ. ಈ ರೊಟ್ಟಿ ಅಲ್ಲಿ ಸಿಕ್ಕ ಜೋಳದ್ದು. ಕಾಕಾ ಅಗಿಯುತ್ತ, "ಹಿಟ್ಟು ಬರೋಬ್ಬರಿ ಇಲ್ಲ, ಕಲ್ಲು ಹದಾ ತಪ್ಪೇತಿ" ಎಂದು ಬೈದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪಣಜಿಯಲ್ಲಿ ತಂದೆ ಮಗಳು ಇಬ್ಬರೂ ಇಳಿಯಲಿಲ್ಲ. ಅದೇ ಲಾಂಚಿನಲ್ಲಿ ಹಿಂತಿರುಗಿದರು. ಬಂದರಿನಲ್ಲಿ ಮಗಳು ಇಳಿದಳು, ನಾವು ಪಣಜಿಗೆ ಮರಳಿದೆವು. ಆಮೇಲಿನ ಬೇಸಿಗೆಗಳಲ್ಲೂ ಇದೇ ಕ್ರಮ. ನಾವು ಅಲ್ಲಿ ಇರುವಷ್ಟು ದಿನ ಅವರು ಹಾಗೆ ಹೋಗುತ್ತ ಬರುತ್ತ ಇರುತ್ತಿದ್ದರು. ಕೂಸು ದೊಡ್ಡದಾಯಿತು, ಮಾತು ಕಲಿಯಿತು. ಅದು ಕಾಕಾನನ್ನು 'ಲಾಂಚಿನ ಅಜ್ಜ' ಎಂದು ಕರೆಯುತ್ತಿತ್ತು. ಅಜ್ಜನ ಮನೆಯೇ ಲಾಂಚು ಅಂದುಕೊಂಡಿತ್ತು. ಒಮ್ಮೆ ಕೇಳಿಬಿಟ್ಟಿತು:

"ಅಜ್ಜಾ, ಮಳಿ ಬಂದ್ರ ಲಾಂಚ್ ಬಂದ್ ಆಗತಾವಲ್ಲ, ಆವಾಗ ನೀ ಎಲ್ಲಿ ಮಲಗ್ತಿ?"

ಕಾಕಾ ಅದರ ನೆತ್ತಿಯ ಮೇಲೆ ಕೈಯಿಟ್ಟು ಕೂತರು.

ಅಳಿಯ ಲಾಂಚಿಗೆ ಬರುತ್ತಿರಲಿಲ್ಲ. ಬಿಳಿ ಅಂಗಿ ತೊಟ್ಟು ಧಕ್ಕೆಯ ಮೇಲೆ ನಿಂತು ದೂರದಿಂದ ಕೈ ಮುಗಿಯುತ್ತಿದ್ದ. ಕಾಕಾ ಒಂದು ವರ್ಷ ಮಗಳಿಗೆ, "ಅಂವಗ ಹೇಳು, ಬಿಸಲಾಗ ನಿಂದರಬ್ಯಾಡ ಅಂತ" ಅಂದರು. ಮರುವರ್ಷವೂ ಅವನು ಬಿಸಿಲಲ್ಲೇ ನಿಂತಿದ್ದ.

ಕೊನೆಯ ಬೇಸಿಗೆಯ ಮಾತು. ಮಳೆ ಹತ್ತಿರವಿತ್ತು, ಕಡಲು ಬಿರುಸಾಗಿತ್ತು, ಇನ್ನೆರಡು ದಿನದಲ್ಲಿ ಲಾಂಚು ನಿಲ್ಲಿಸುತ್ತೇವೆ ಎಂದಿದ್ದರು. ಅವತ್ತಿನ ಕೊನೆಯ ಲಾಂಚು ಬಂದರಿಗೆ ತಾಗಿ ಎದ್ದು ಬಿದ್ದು ಮಾಡುತ್ತಿತ್ತು. ಲಾಂಚಿನ ಆಳು ಮೊದಲು ಕೂಸನ್ನು ಎತ್ತಿ ಅಳಿಯನ ಕೈಗೆ ಕೊಟ್ಟ. ಮಗಳು ಹಿಟ್ಟಿನ ಗಂಟನ್ನು ಎದೆಗೆ ಅವಚಿಕೊಂಡು ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಕಾಲು ಜಾರಿತು. ಹಣೆ ಕಲ್ಲಿನ ಅಂಚಿಗೆ ಬಡಿದ ಸಪ್ಪಳ ನನಗೆ ಲಾಂಚಿನೊಳಗೆ ಕೇಳಿಸಿತು. ಗಂಟು ಒಡೆದು ಹಿಟ್ಟು ಮೆಟ್ಟಿಲ ಮೇಲೆ ಚೆಲ್ಲಿತು, ಅದರ ಮೇಲೆ ರಕ್ತ.

ಕಾಕಾ ಎದ್ದು ನಿಂತರು. ಅಂಚಿನ ಹಲಗೆಯ ಮೇಲೆ ಒಂದು ಕಾಲಿಟ್ಟರು, ಇನ್ನೊಂದು ಕಾಲನ್ನು ಎತ್ತಿದರು. ಮೆಟ್ಟಿಲು ಒಂದು ಮೊಳ ದೂರದಲ್ಲಿತ್ತು. ಅವರ ಎಡಗೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡಿತ್ತು. ಅಳಿಯ ಕೂಸನ್ನು ಯಾರದೋ ಕೈಗೆ ಕೊಟ್ಟು ಓಡಿಬಂದು ಹೆಂಡತಿಯನ್ನು ಎತ್ತಿಕೊಂಡ.

"ಕಾಕಾ, ಇಳಿಯೋದ? ಇಲ್ಲ? ಬೇಗ ಹೇಳಿ!" ಎಂದು ಚಾಲಕ ಕೂಗಿದ. ಅಲೆ ಲಾಂಚನ್ನು ಕಲ್ಲಿಗೆ ಬಡಿಯುತ್ತಿತ್ತು.

ಕಾಕಾ ನನ್ನ ಕಡೆ ತಿರುಗಿ ನೋಡಿದರು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಗ್ಗ ಬಿಚ್ಚಿದರು, ಒಂದು ಮೊಳದ ನೀರು ಎರಡು ಮಾರಾಯಿತು, ಹತ್ತು ಮಾರಾಯಿತು. ಎತ್ತಿದ ಕಾಲನ್ನು ಕಾಕಾ ಮೆಲ್ಲಗೆ ಹಲಗೆಯ ಮೇಲೆ ಇಳಿಸಿದರು.

ಪಣಜಿ ಬರುವತನಕ ಅವರು ಕೂರಲಿಲ್ಲ. ಊಟ ಬೇಡವೆಂದರು. ಮರುದಿನ ಮೊದಲ ಲಾಂಚಿನಲ್ಲಿ ಹೋದೆವು. ಧಕ್ಕೆಯ ಮೇಲೆ ಅಳಿಯ ಒಬ್ಬನೇ ನಿಂತಿದ್ದ. ಅದೇ ಅಂಗಿ, ತೋಳಿಗೆ ರಕ್ತದ ಕಲೆ. ಕಾಕಾನೊಡನೆ ಮಾತಾಡಲೆಂದು ಮೊದಲ ಬಾರಿ ಅವನು ಮೆಟ್ಟಿಲು ಇಳಿದು ಲಾಂಚಿನ ಹತ್ತಿರ ಬಂದ.

"ಏನೂ ಹೆದರಬ್ಯಾಡ್ರಿ. ಹೊಲಿಗಿ ಹಾಕ್ಯಾರ. ಮಲಗ್ಯಾಳ. ದವಾಖಾನಿಯಿಂದ ಸಂಜೀಕ ಮನಿಗೆ ಬಿಡ್ತಾರ."

ಕಾಕಾ ಅವನ ತೋಳಿನ ಕಲೆ ನೋಡಿದರು. ಆಮೇಲೆ, "ನಾ ಇಳೀಲಿಲ್ಲಪಾ" ಅಂದರು.

"ಆಕಿ ನೋಡ್ಯಾಳ್ರಿ. ನಿಮ್ಮ ಕಾಲು ಎದ್ದದ್ದು ನೋಡ್ಯಾಳ. ನನಗ ಅಷ್ಟು ಸಾಕು ಅಂತ ಅಪ್ಪಗ ಹೇಳು ಅಂದಾಳ."

ಕಾಕಾ ಲಾಂಚಿನಿಂದ ಕೈ ಚಾಚಿ ಅವನ ಭುಜ ಮುಟ್ಟಿದರು. ಮಾವ ಅಳಿಯ ಆದ ಮೇಲೆ ಅವರಿಬ್ಬರು ಮಾತಾಡಿದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಕಾಕಾನ ದನಿ ಇಳಿಯಿತು. ಗಿರಣಿಗೆ ಬಂದವರು, "ಏನಂದ್ರಿ ಕಾಕಾ?" ಎಂದು ಎರಡೆರಡು ಸಲ ಕೇಳುವಂತಾಯಿತು. ಒಂದು ಸಂಜೆ ಇಂಜಿನ್ ನಿಲ್ಲಿಸಿ ನನ್ನ ಹತ್ತಿರ ಬಂದು ಕೂತರು.

"ಕಂಪೌಂಡರ್ರ, ಅವ್ವನ್ನ ಕೇಳ್ತೇನಿ. ಆಣಿ ಬಿಡಿಸವಾ ಅಂತ ಕೇಳ್ತೇನಿ. ಆಕಿ ಮತ್ತ ಊಟಾ ಬಿಟ್ಟರೂ ಬಿಡಲಿ."

"ಇವತ್ತ ಕೇಳ್ರಲಾ ಕಾಕಾ."

"ಇವತ್ತ ಬ್ಯಾಡ. ಆಕಿಗೆ ಕೆಮ್ಮಾಗೇತಿ. ಕೆಮ್ಮು ಕಡಿಮಿ ಆಗ್ಲಿ."

ಕೆಮ್ಮು ಕಡಿಮೆಯಾಯಿತು. ಒಂದು ಮುಂಜಾನೆ ಅವರು ಟಾವೆಲ್ಲನ್ನು ಕೈಯಲ್ಲಿ ಹಿಡಿದು ತಾಯಿಯ ಮುಂದೆ ನಿಂತದ್ದನ್ನು ನಾನು ನೋಡಿದೆ. "ಅವ್ವಾ" ಅಂದರು. "ಏನೋ?" ಎಂದು ಆಯಿ ಮುಖ ಎತ್ತಿದರು. ಕಾಕಾ ನಿಂತೇ ಇದ್ದರು. ಆಯಿ ಕಾಯುತ್ತಿದ್ದರು. ಕೊನೆಗೆ, "ಏನಿಲ್ಲ, ಮಳಿ ಬರೂ ಹಂಗೈತಿ, ಒಳಗ ಕುಂದರು" ಎಂದು ಹೇಳಿ ಗಿರಣಿಗೆ ಬಂದುಬಿಟ್ಟರು.

ಆ ಮಳೆಗಾಲದಲ್ಲೇ ಕಾಕಾ ಹೋದರು. ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಡಬ್ಬಿಗಳ ಸಾಲು ಬಾಗಿಲತನಕ ಇತ್ತು. ನಾನು ಹಿಂದೆ ಖೋಲಿಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದೆ. ಕಲ್ಲು ಖಾಲಿ ತಿರುಗುವ ಕರ್ಕಶ ಸಪ್ಪಳ ಕೇಳಿಸಿತು. ಕಾಕಾ ಇದ್ದಲ್ಲಿ ಹಾಗಾಗುವುದಿಲ್ಲ. "ಕಾಕಾ, ಜ್ವಾಳ ಮುಗದಾವ್ರೀ!" ಎಂದು ಯಾರೋ ಹೆಂಗಸು ಕೂಗುತ್ತಿದ್ದಳು. ಓಡಿ ಹೋದೆ. ಅವರು ಹಿಟ್ಟು ಬೀಳುವ ಬಾಯಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಅರ್ಧ ತೆರೆದಿತ್ತು. ತೂಕಡಿಸುತ್ತಿದ್ದಾರೆಂದು ಎಲ್ಲರೂ ತಿಳಿದಿದ್ದರು. ನಾನು ಇಂಜಿನ್ ನಿಲ್ಲಿಸಿದೆ. ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಒಳಗಿನಿಂದ ಆ ಸುಮ್ಮನಾದದ್ದನ್ನು ಕೇಳಿಯೇ ಆಯಿ, "ಏನಾತೋ ನನ್ನ ಮಗಗ?" ಎಂದು ಚೀರಿದರು.

ಮಗಳಿಗೆ ತಾರು ಕೊಡುವುದು ಬೇಡವೆಂದು ಓಣಿಯ ಹಿರಿಯರು ಮಾತಾಡಿಕೊಂಡರು. ನಾನು ಪೋಸ್ಟ್ ಆಫೀಸಿಗೆ ನಡೆದು ತಾರು ಕೊಟ್ಟು ಬಂದೆ. ಸ್ವಾಮಿಗಳು ಬರುವುದು ಮಳೆಯಿಂದ ತಡವಾಗಿ ಮಣ್ಣು ಮಾಡುವುದು ಮರುದಿನಕ್ಕೆ ಹೋಯಿತು. ಪಡಸಾಲೆಯಲ್ಲಿ ಕಾಕಾನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಮಾಲೆ ಹಾಕಿದ್ದರು. ಹಿಟ್ಟಿಲ್ಲದ ಅವರ ಹುಬ್ಬುಗಳು ಕಪ್ಪಾಗಿದ್ದವು. ಅಷ್ಟು ವರ್ಷ ನಾನು ಅವನ್ನು ಬಿಳಿ ಎಂದೇ ತಿಳಿದಿದ್ದೆ. ಮಗನ ಮಗ್ಗುಲಲ್ಲಿ ಆಯಿ ಕೂತಿದ್ದರು. ಅಳುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಳ್ನಾವರದ ಬಸ್ಸಿನಿಂದ ಮಗಳು, ಅಳಿಯ, ಕೂಸು ಇಳಿದು ಬಂದರು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದ ಮುಖಗಳು. ಮಗಳ ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು. ಅವಳು ಮೆಟ್ಟಿಲ ಕೆಳಗೆ, ಮಳೆಯಲ್ಲಿ, ನಿಂತುಬಿಟ್ಟಳು. ಭಜನೆಯವರು ನಿಲ್ಲಿಸಿದರು. ಹಿರಿಯರೊಬ್ಬರು ಎದ್ದು ಬಾಗಿಲಿಗೆ ಅಡ್ಡ ಬಂದು, "ನೀ ಅಲ್ಲೇ ನಿಂತು ನೋಡವಾ. ಲಿಂಗ ಮುಟ್ಟಿ ಆಣಿ ಆಗೇತಿ. ಸತ್ತಾಂವನ ಮಾತು ಮುರಿಯೂದು ಬ್ಯಾಡ" ಅಂದರು.

"ಇಲ್ರಿ, ನಾ ಒಳಗ ಬರೂದಿಲ್ಲ. ಇಲ್ಲಿಂದನ ನೋಡ್ತೇನಿ" ಅಂದಳು ಮಗಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯ ಮುಂದೆ ಅವಳ ದನಿ ಕೇಳಿತು.

ಆಯಿ ತಲೆ ಎತ್ತಿದರು. ಗೋಡೆ ಹಿಡಿದುಕೊಂಡು ಎದ್ದರು. ಕೈಯಿಂದ ತಡಕುತ್ತ ಬಾಗಿಲಿಗೆ ಬಂದು ಆ ಹಿರಿಯರ ಎದೆಯನ್ನು ಮುಟ್ಟಿ, "ಸರೀರಿ ಬಾಜೂಕ" ಅಂದರು.

"ಆಯೀ, ಆಣಿ..."

"ಹಾಕಿಸಿದಾಕಿ ನಾನು. ತಗದೆ. ಆತಿಲ್ಲೋ?"

ಹಿರಿಯರು ಬದಿಗೆ ಸರಿದರು. ಆಯಿ ಹೊರಗೆ ಮಳೆಯ ಕಡೆ ಮುಖ ಮಾಡಿ ನಿಂತು ಹೇಳಿದರು. ಯಾರಿಗೆ ಹೇಳಿದರೋ, ಮೊಮ್ಮಗಳಿಗೋ, ಬೆನ್ನ ಹಿಂದೆ ಕೂತ ಮಗನಿಗೋ.

"ವರ್ಷಾ ವರ್ಷಾ ಹೋಗ್ತಿದ್ದಾ. ನನಗ ಗೊತ್ತಿರಲಿಲ್ಲೇನು? ಸಮುದ್ರದ ಹವಾ ಅಂತಿದ್ದಾ. ಒಮ್ಮಿ, ಒಂದ ಒಮ್ಮಿ ನನ್ನ ಕೇಳ್ಯಾನು ಅಂತ ಕುಂತಿದ್ದೆ. ಕೇಳಿದ್ರ ಬಿಡ್ತಿದ್ನಲ್ಲೋ ಮಗನ. ನಾನಾಗಿ ಹೆಂಗ ಹೇಳ್ಲಿ? ಮಂದಿ ಮುಂದ ಹಾಕಿಸಿದ್ದೆ. ಮೊನ್ನಿ ಬಂದು ಎದುರು ನಿಂತಾ, ಅವ್ವಾ ಅಂದಾ. ಈಗ ಕೇಳ್ತಾನ, ಈಗ ಕೇಳ್ತಾನ ಅಂತ ಉಸರ ಬಿಗಿಹಿಡದು ಕುಂತೆ. ಮಳಿ ಬರತೈತಿ ಅಂದು ಹೋಗಿಬಿಟ್ಟಾ."

ಆಮೇಲೆ ಕೈ ಚಾಚಿ, "ಬಾ ಬೇ, ಒಳಗ ಬಾ. ನಿಮ್ಮಪ್ಪನ ಹಂತೇಕ ಕುಂದರು ಬಾ" ಅಂದರು.

ಮಗಳು ಮೆಟ್ಟಿಲು ಹತ್ತಿದಳು. ಅಜ್ಜಿಯ ಕೈ ಅವಳ ಮುಖದ ಮೇಲೆಲ್ಲ ಆಡಿ, ಹಣೆಯ ಹೊಲಿಗೆಯ ಮೇಲೆ ನಿಂತಿತು. ಅದೇನೆಂದು ಆಯಿ ಕೇಳಲಿಲ್ಲ. ಆಗ ಮಾತ್ರ ಅವರಿಗೆ ಅಳು ಬಂದಿತು.

ತಿಂಗಳು ತುಂಬಿತ್ತೋ ಇಲ್ಲವೋ, ನನಗೆ ನವಲಗುಂದಕ್ಕೆ ವರ್ಗವಾಯಿತು. ಹೊರಡುವ ದಿನ ಹೇಳಿಹೋಗಲು ಮನೆಗೆ ಹೋದೆ. ಅಳಿಯ ರಜೆಯ ಮೇಲೆ ಬಂದಿದ್ದ. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಆಯಿಯ ಎದುರಿಗೆ ಕೂತಿದ್ದ. ಮಗಳು ಅಡುಗೆಮನೆಯಿಂದ ಚಹಾ ತಂದು ಅವನಿಗೊಂದು ಕಪ್ಪು, ನನಗೊಂದು ಕಪ್ಪು ಕೊಟ್ಟಳು. "ಅಳಿಯಂದ್ರ, ಸಕ್ಕರಿ ಸಾಕೇನ್ರಿ?" ಎಂದು ಆಯಿ ಕೇಳಿದರು. "ಸಾಕ್ರಿ ಆಯಿ" ಅಂದ. ಓಣಿಯಲ್ಲಿ ಮಂದಿ ಹೋಗುತ್ತಿದ್ದರು, ಬರುತ್ತಿದ್ದರು. ಒಬ್ಬರೂ ನಿಂತು ನೋಡಲಿಲ್ಲ. ಆ ಹಿರಿಯರೇ ಒಳಗೆ ಇಣುಕಿ, "ಮಳಿ ಏನಂತೈತ್ರಿ ನಿಮ್ಮ ಕಡೆ?" ಎಂದು ಅಳಿಯನನ್ನು ಕೇಳಿ ಹೋದರು. ಇಷ್ಟೇ ಇತ್ತು. ಇಷ್ಟು ಸುಲಭವಿತ್ತು. ನನ್ನ ಕೈಯ ಚಹಾ ತಣ್ಣಗಾಗುತ್ತಿತ್ತು, ಕುಡಿಯಲಾಗಲಿಲ್ಲ.

ಕೂಸು ಬಾಗಿಲಲ್ಲಿ ಆಡುತ್ತಿತ್ತು. ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು ನಿಂತು, ಒಮ್ಮೆ ಒಳಗೆ ಬಾಗುತ್ತಿತ್ತು, ಒಮ್ಮೆ ಹೊರಗೆ ಬಾಗುತ್ತಿತ್ತು. ಎಲ್ಲ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಅಜ್ಜಿಯರು ಗದರುವ ಹಾಗೆ ಆಯಿ ಗದರಿದರು:

"ಏ ಹುಡುಗೀ, ಹೊಸ್ತಲಾ ಮ್ಯಾಲ ನಿಂದರಬ್ಯಾಡ. ಒಳಗರೆ ಬಾ, ಇಲ್ಲಾ ಹೊರಗರೆ ಹೋಗು."

ಕೂಸು ನಗುತ್ತ ಒಳಗೆ ಹಾರಿತು.